ಇಂಗ್ಲಿಷ್ ಕಾಗುಣಿತ ಮತ್ತು ಉಚ್ಚಾರಣೆ

ಇಂಗ್ಲಿಷ್ ಪದಗಳನ್ನು ಬರೆಯುವ ಕ್ರಮಕ್ಕೂ ಅವನ್ನು ನುಡಿಯುವ ಕ್ರಮಕ್ಕೂ ನಡುವೆ ಇರುವ ಅಂತರವು ಆ ಭಾಷೆಯ ಅತ್ಯಂತ ಎದ್ದುಕಾಣುವ ಲಕ್ಷಣಗಳಲ್ಲಿ ಒಂದು. ಅರ್ಥಭೇದವನ್ನು ಉಂಟುಮಾಡಬಲ್ಲ ಅತಿ ಚಿಕ್ಕ ಧ್ವನಿಘಟಕಕ್ಕೆ ಭಾಷಾವಿಜ್ಞಾನದಲ್ಲಿ ಧ್ವನಿಮಾ ಎಂದು ಹೆಸರು. ದಕ್ಷಿಣ ಬ್ರಿಟನ್ನಿನ ಶಿಷ್ಟ ಇಂಗ್ಲಿಷಿನಲ್ಲಿ 24 ವ್ಯಂಜನಗಳೂ ಸುಮಾರು 20 ಸ್ವರಗಳೂ ಸೇರಿ 44ರಷ್ಟು ಧ್ವನಿಮಾಗಳಿದ್ದರೆ, ಅವನ್ನು ಬರೆಯಲು ದೊರೆಯುವ ಅಕ್ಷರಗಳು 26 ಮಾತ್ರ, ಅವುಗಳಲ್ಲಿ ಸ್ವರಾಕ್ಷರಗಳು ಕೇವಲ ಐದು. ಆದರೆ ಅಕ್ಷರಗಳ ಕೊರತೆಯೊಂದೇ ಈ ಅಂತರವನ್ನು ಪೂರ್ತಿಯಾಗಿ ವಿವರಿಸಲಾರದು. ಅದೇ ರೋಮನ್ ಲಿಪಿಯನ್ನು ಬಳಸುವ ಫಿನ್ನಿಷ್, ಸ್ಪ್ಯಾನಿಷ್ ಮತ್ತು ಇಟಾಲಿಯನ್ ಭಾಷೆಗಳು ಬರಹವನ್ನು ಉಚ್ಚಾರಣೆಗೆ ಬಹಳ ಹತ್ತಿರ ಇಟ್ಟುಕೊಂಡಿವೆ. ಇಂಗ್ಲಿಷಿನ ವಿಶೇಷವಿರುವುದು ಅದರ ಇತಿಹಾಸದಲ್ಲಿ: ಅದರ ಕಾಗುಣಿತವು ಸ್ಥಿರಗೊಳ್ಳುತ್ತಿದ್ದ ಕಾಲದಲ್ಲಿಯೇ ಅದರ ಧ್ವನಿಗಳು ವ್ಯಾಪಕವಾಗಿ ಬದಲಾಗುತ್ತಿದ್ದವು.

ಅಂತರದ ಸ್ವರೂಪ

ಈ ಅಂತರವು ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು, ಒಂದೇ ಅಕ್ಷರ ಅಥವಾ ಅಕ್ಷರಗುಚ್ಛಕ್ಕೆ ಹಲವು ಉಚ್ಚಾರಣೆಗಳಿರುವುದು. ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳ ಗುಚ್ಛವು 'ಆದರೂ' ಎಂಬ ಅರ್ಥದ ದೋ ಪದದಲ್ಲಿ ಓಕಾರವಾಗಿಯೂ, 'ಮೂಲಕ' ಎಂಬ ಅರ್ಥದ ಥ್ರೂ ಪದದಲ್ಲಿ ಊಕಾರವಾಗಿಯೂ, 'ಕೊಂಬೆ' ಎಂಬ ಅರ್ಥದ ಬೌ ಪದದಲ್ಲಿ ಔಕಾರವಾಗಿಯೂ, 'ಒರಟು' ಎಂಬ ಅರ್ಥದ ರಫ್ ಮತ್ತು 'ಕೆಮ್ಮು' ಎಂಬ ಅರ್ಥದ ಕಾಫ್ ಪದಗಳಲ್ಲಿ ಬೇರೆ ಬೇರೆ ಸ್ವರಗಳೊಡನೆ ಫಕಾರವಾಗಿಯೂ ಕೇಳಿಸುತ್ತದೆ. ಎರಡನೆಯದು, ಒಂದೇ ಧ್ವನಿಗೆ ಹಲವು ಬರಹಗಳಿರುವುದು. ಈಕಾರದ ಧ್ವನಿಯನ್ನು ಫೀಟ್ ಪದದಲ್ಲಿ ಎರಡು ಇ ಅಕ್ಷರಗಳಿಂದ, ಟೀ ಪದದಲ್ಲಿ ಇ-ಎ ಜೋಡಿಯಿಂದ, ಫೀಲ್ಡ್ ಪದದಲ್ಲಿ ಐ-ಇ ಜೋಡಿಯಿಂದ, ಸೀಲಿಂಗ್ ಪದದಲ್ಲಿ ಇ-ಐ ಜೋಡಿಯಿಂದ, ಪೀಪಲ್ ಪದದಲ್ಲಿ ಇ-ಓ ಜೋಡಿಯಿಂದ, ಕೀ ಪದದಲ್ಲಿ ಇ-ವೈ ಜೋಡಿಯಿಂದ, ಮಷೀನ್ ಪದದಲ್ಲಿ ಬರಿಯ ಐ ಅಕ್ಷರದಿಂದ ಬರೆಯಲಾಗುತ್ತದೆ. ಮೂರನೆಯದು, ಬರಹದಲ್ಲಿ ಇದ್ದು ಮಾತಿನಲ್ಲಿ ಇಲ್ಲದ ಮೌನಾಕ್ಷರಗಳು. 'ಚಾಕು' ಎಂಬ ಅರ್ಥದ ನೈಫ್ ಪದದ ಆರಂಭದ ಕೆ, 'ಬರೆ' ಎಂಬ ಅರ್ಥದ ರೈಟ್ ಪದದ ಆರಂಭದ ಡಬ್ಲ್ಯೂ, 'ಕುರಿಮರಿ' ಎಂಬ ಅರ್ಥದ ಲ್ಯಾಮ್ ಪದದ ಕೊನೆಯ ಬಿ ಇವು ಆ ವರ್ಗಕ್ಕೆ ಸೇರುತ್ತವೆ.

ಪ್ರಾಚೀನ ಇಂಗ್ಲಿಷ್ ಮತ್ತು ರೋಮನ್ ಲಿಪಿ

ಜರ್ಮಾನಿಕ್ ಬುಡಕಟ್ಟುಗಳು ಬ್ರಿಟನ್ನಿಗೆ ತಂದ ಭಾಷೆಯನ್ನು ಮೊದಲು ರೂನ್ ಎಂಬ ಕೋನಾಕಾರದ ಅಕ್ಷರಗಳಲ್ಲಿ ಮಿತವಾಗಿ ಕೆತ್ತಲಾಗುತ್ತಿತ್ತು. 597ರಲ್ಲಿ ಸಂತ ಅಗಸ್ಟೀನನ ನೇತೃತ್ವದ ಕ್ರೈಸ್ತ ಪಾದ್ರಿಗಳು ಕೆಂಟ್ ಪ್ರಾಂತಕ್ಕೆ ಬಂದ ಮೇಲೆ ರೋಮನ್ ಲಿಪಿಯು ನೆಲೆಗೊಂಡಿತು. ಲ್ಯಾಟಿನ್ ಭಾಷೆಗಾಗಿ ರೂಪುಗೊಂಡಿದ್ದ ಆ ಲಿಪಿಯಲ್ಲಿ ಇಂಗ್ಲಿಷಿನ ಎಲ್ಲ ಧ್ವನಿಗಳಿಗೂ ಅಕ್ಷರಗಳಿರಲಿಲ್ಲವಾದ್ದರಿಂದ, ಲಿಪಿಕಾರರು ಥಕಾರ ಮತ್ತು ವಕಾರದ ಧ್ವನಿಗಳಿಗಾಗಿ ಥಾರ್ನ್, ವಿನ್ ಎಂಬ ಎರಡು ರೂನ್ ಅಕ್ಷರಗಳನ್ನು ಉಳಿಸಿಕೊಂಡರು. ಎ ಮತ್ತು ಇ ಅಕ್ಷರಗಳನ್ನು ಬೆಸೆದು ಆ್ಯಶ್ ಎಂಬ ಸಂಯುಕ್ತಾಕ್ಷರವನ್ನು ಬಳಕೆಗೆ ತಂದರು. ಹೀಗೆ ಹೊಂದಿಸಿಕೊಂಡ ಬರಹವು ಸಾಕಷ್ಟು ಕ್ರಮಬದ್ಧವಾಗಿತ್ತು. ಇಂದು ನೈಟ್ ಎಂದು ಉಚ್ಚರಿಸುವ, 'ಯೋಧ' ಎಂಬ ಅರ್ಥದ ಪದವನ್ನು ಆಗ ಸಿ-ಎನ್-ಐ-ಎಚ್-ಟಿ ಎಂದು ಬರೆದು, ಅದರ ಪ್ರತಿಯೊಂದು ಅಕ್ಷರವೂ ಕೇಳಿಸುವಂತೆ ಕ್ನಿಹ್ಟ್ ಎಂಬುದಕ್ಕೆ ಹತ್ತಿರವಾಗಿ ನುಡಿಯುತ್ತಿದ್ದರು. ಹತ್ತನೆಯ ಶತಮಾನದ ಕೊನೆಯ ವೇಳೆಗೆ ವೆಸ್ಸೆಕ್ಸ್ ರಾಜ್ಯದ ಉಪಭಾಷೆಯನ್ನು ಆಧರಿಸಿದ ಒಂದು ಶಿಷ್ಟ ಬರಹವೇ ರೂಪುಗೊಂಡಿತ್ತು.

ನಾರ್ಮನ್ ಲಿಪಿಕಾರರ ಪ್ರಭಾವ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಬಳಿಕ ಆಡಳಿತ, ನ್ಯಾಯ ಮತ್ತು ವಿದ್ವತ್ತಿನ ಕ್ಷೇತ್ರಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳು ಮೇಲುಗೈ ಪಡೆದವು. ವೆಸ್ಸೆಕ್ಸಿನ ಶಿಷ್ಟ ಬರಹವು ಆಶ್ರಯವಿಲ್ಲದೆ ಕ್ಷೀಣಿಸಿತು. ಇಂಗ್ಲಿಷನ್ನು ಬರೆಯಬೇಕಾಗಿ ಬಂದಾಗ ಫ್ರೆಂಚ್ ಪದ್ಧತಿಯಲ್ಲಿ ತರಬೇತಿ ಪಡೆದ ಲಿಪಿಕಾರರು ತಮಗೆ ರೂಢಿಯಾಗಿದ್ದ ಅಕ್ಷರಸಂಯೋಗಗಳನ್ನೇ ಅದಕ್ಕೆ ಅನ್ವಯಿಸಿದರು. 'ರಾಣಿ' ಎಂಬ ಅರ್ಥದ ಕ್ವೀನ್ ಪದದ ಆರಂಭದಲ್ಲಿದ್ದ ಸಿ-ಡಬ್ಲ್ಯೂ ಜೋಡಿಯು ಕ್ಯೂ-ಯು ಆಯಿತು. ಚಕಾರಕ್ಕೆ ಸಿ-ಎಚ್ ಬಂದಿತು. 'ಮನೆ' ಎಂಬ ಅರ್ಥದ, ಅಂದು ಹೂಸ್ ಎಂದು ನುಡಿಯುತ್ತಿದ್ದ ಪದದ ಊಕಾರವನ್ನು ಫ್ರೆಂಚರಂತೆ ಓ-ಯು ಜೋಡಿಯಿಂದ ಬರೆಯತೊಡಗಿದರು. ಗಂಟಲಿನ ಹತ್ತಿರ ಹುಟ್ಟುತ್ತಿದ್ದ ಒರಟು ಹಕಾರಕ್ಕೆ ಜಿ-ಎಚ್ ಜೋಡಿ ಕ್ರಮೇಣ ಸೇರಿಕೊಂಡಿತು.

ಕೈಬರಹದ ಶೈಲಿಯೂ ತನ್ನ ಗುರುತನ್ನು ಉಳಿಸಿದೆ. ಅಂದಿನ ಹಸ್ತಪ್ರತಿಗಳಲ್ಲಿ ಯು, ಎನ್, ಎಂ, ವಿ ಅಕ್ಷರಗಳೆಲ್ಲ ಒಂದೇ ಬಗೆಯ ಲಂಬ ಗೀರುಗಳಿಂದ ರಚಿತವಾಗಿದ್ದುದರಿಂದ, ಅವು ಒಂದರ ಪಕ್ಕ ಒಂದು ಬಂದಾಗ ಬಿಡಿಸಿ ಓದುವುದು ಕಷ್ಟವಾಗುತ್ತಿತ್ತು. ಈ ತೊಡಕನ್ನು ತಪ್ಪಿಸಲು ಯು ಅಕ್ಷರದ ಬದಲು ಓ ಬರೆಯುವ ರೂಢಿ ಬಂದಿತೆಂದು ವಿದ್ವಾಂಸರು ವಿವರಿಸುತ್ತಾರೆ. ಲವ್, ಕಮ್, ಸನ್, ವಂಡರ್ ಮೊದಲಾದ ಪದಗಳಲ್ಲಿ ಕೇಳಿಸುವ ಅಕಾರಕ್ಕೆ ಓ ಅಕ್ಷರವಿರುವುದು ಇದರಿಂದಲೇ.

ಉಪಭಾಷೆಗಳ ಬೆರಕೆ ಮತ್ತು ಮುದ್ರಣ

ಹದಿನಾಲ್ಕನೆಯ ಶತಮಾನದವರೆಗೂ ಪ್ರತಿಯೊಂದು ಪ್ರದೇಶದ ಲಿಪಿಕಾರರು ತಮ್ಮ ಉಪಭಾಷೆಯನ್ನು ತಮ್ಮ ರೀತಿಯಲ್ಲಿ ಬರೆಯುತ್ತಿದ್ದರು. 1417ರಿಂದ ಐದನೆಯ ಹೆನ್ರಿಯು ತನ್ನ ಪತ್ರವ್ಯವಹಾರದಲ್ಲಿ ಇಂಗ್ಲಿಷನ್ನು ಬಳಸತೊಡಗಿದ ಮೇಲೆ ಅರಮನೆಯ ಮತ್ತು ಚಾನ್ಸರಿ ಎಂಬ ರಾಜಕಾರ್ಯಾಲಯದ ಗುಮಾಸ್ತರ ಬರಹವು ಮಾದರಿಯಾಗಿ ಹಬ್ಬಿತು. ಲಂಡನ್ನಿಗೆ ಎಲ್ಲ ಕಡೆಗಳಿಂದ ಜನ ವಲಸೆ ಬರುತ್ತಿದ್ದುದರಿಂದ ಈ ಮಾದರಿಯಲ್ಲಿ ಒಂದು ಪ್ರದೇಶದ ಬರಹವೂ ಮತ್ತೊಂದು ಪ್ರದೇಶದ ಉಚ್ಚಾರಣೆಯೂ ಕೆಲವು ಪದಗಳಲ್ಲಿ ಜೊತೆಗೂಡಿದವು. 'ಹೂಳು' ಎಂಬ ಅರ್ಥದ, ಬೆರಿ ಎಂದು ಉಚ್ಚರಿಸುವ ಪದಕ್ಕೆ ಬರಹವು ಪಶ್ಚಿಮ ಮತ್ತು ನೈರುತ್ಯದ ಉಪಭಾಷೆಗಳಿಂದ, ಉಚ್ಚಾರಣೆಯು ಆಗ್ನೇಯದ ಕೆಂಟ್ ಪ್ರದೇಶದಿಂದ ಬಂದಿದೆ. 'ಕೆಲಸದಲ್ಲಿ ತೊಡಗಿದ' ಎಂಬ ಅರ್ಥದ ಬಿಜಿ ಪದದಲ್ಲಿ ಯು ಅಕ್ಷರವಿದ್ದೂ ಇಕಾರ ಕೇಳಿಸುವುದಕ್ಕೆ ಇಂಥದೇ ಬೆರಕೆ ಕಾರಣ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಅವನು ಬಹುಕಾಲ ಯುರೋಪಿನ ಕೆಳನಾಡುಗಳಲ್ಲಿ ವಾಸವಾಗಿದ್ದು, ಮುದ್ರಣವಿದ್ಯೆಯನ್ನು ಜರ್ಮನಿಯ ಕಲೋನ್ ನಗರದಲ್ಲಿ ಕಲಿತಿದ್ದನು. 'ಭೂತ' ಎಂಬ ಅರ್ಥದ ಗೋಸ್ಟ್ ಪದದ ಜಿ ಅಕ್ಷರದ ಬಳಿ ಅನಗತ್ಯವಾದ ಎಚ್ ಸೇರಿದ್ದು ಆ ಕೆಳನಾಡುಗಳ ಫ್ಲೆಮಿಷ್ ಭಾಷೆಯ ಬರಹದ ಅನುಕರಣೆಯಿಂದ. ಮುದ್ರಣದ ದೊಡ್ಡ ಪರಿಣಾಮವೆಂದರೆ, ಒಂದು ಪುಸ್ತಕದ ನೂರಾರು ಪ್ರತಿಗಳು ಒಂದೇ ಕಾಗುಣಿತದಲ್ಲಿ ದೇಶದಾದ್ಯಂತ ಹರಡಿ, ಓದುಗರ ಕಣ್ಣು ಪದದ ನಿಶ್ಚಿತ ರೂಪಕ್ಕೆ ಒಗ್ಗಿಹೋದದ್ದು. 1650ರ ಹೊತ್ತಿಗೆ ಮುದ್ರಿತ ಪುಸ್ತಕಗಳ ಕಾಗುಣಿತವು ಬಹುಮಟ್ಟಿಗೆ ಇಂದಿನ ರೂಪವನ್ನು ತಾಳಿತ್ತು.

ಸ್ವರಗಳ ಮಹಾಪಲ್ಲಟ

ಬರಹವು ಹೀಗೆ ನಿಲ್ಲುತ್ತಿದ್ದಾಗ ಮಾತು ನಿಲ್ಲಲಿಲ್ಲ. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ಎಲ್ಲ ದೀರ್ಘಸ್ವರಗಳೂ ಹಂತಹಂತವಾಗಿ ತಮ್ಮ ಸ್ಥಾನವನ್ನು ಬದಲಿಸಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ 1909ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಸ್ವರಗಳ ಮಹಾಪಲ್ಲಟ ಎಂಬರ್ಥದ ಹೆಸರನ್ನು ಕೊಟ್ಟನು. ಸ್ವರವನ್ನು ಉಚ್ಚರಿಸುವಾಗ ನಾಲಗೆಯು ಇರುವ ಎತ್ತರವು ಒಂದೊಂದು ಹಂತ ಮೇಲೇರಿತು. ಈಗಾಗಲೇ ತೀರ ಮೇಲಿದ್ದ ಎರಡು ಸ್ವರಗಳು ಇನ್ನೂ ಮೇಲೇರಲಾರದೆ ಸಂಧ್ಯಕ್ಷರಗಳಾಗಿ, ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜೋಡಿಸ್ವರಗಳಾಗಿ ಒಡೆದವು. ಕನ್ನಡ ಅಕ್ಷರಗಳಲ್ಲಿ ಹೇಳುವುದಾದರೆ, ಆಕಾರವು ಏಕಾರವಾಯಿತು, ಏಕಾರವು ಈಕಾರವಾಯಿತು, ಈಕಾರವು ಐಕಾರವಾಯಿತು. ಓಕಾರವು ಊಕಾರವಾಯಿತು, ಊಕಾರವು ಔಕಾರವಾಯಿತು. ಅಂದಿನ ನಾಮ ಇಂದಿನ ನೇಮ್, ಅಂದಿನ ಫೇಟ್ ಇಂದಿನ ಫೀಟ್, ಅಂದಿನ ಟೀಮ ಇಂದಿನ ಟೈಮ್, ಅಂದಿನ ಮೋನ್ ಇಂದಿನ ಮೂನ್, ಅಂದಿನ ಹೂಸ್ ಇಂದಿನ ಹೌಸ್. ಈ ಪದಗಳ ಕಾಗುಣಿತವು ಮಾತ್ರ ಪಲ್ಲಟಕ್ಕೆ ಮುಂಚಿನ ಉಚ್ಚಾರಣೆಯನ್ನೇ ಇಂದಿಗೂ ಹೇಳುತ್ತದೆ. ಯುರೋಪಿನ ಇತರ ಬಹುತೇಕ ಭಾಷೆಗಳಲ್ಲಿ ಆ, ಏ, ಈ ಎಂದು ಕರೆಯುವ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಎ, ಇ, ಐ ಎಂದು ಕರೆಯುವುದೂ ಇದೇ ಪಲ್ಲಟದ ಫಲವಾಗಿದೆ.

ಪಲ್ಲಟದ ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹದಿನಾಲ್ಕನೆಯ ಶತಮಾನದ ಮಹಾಮಾರಿ ಪ್ಲೇಗಿನ ಬಳಿಕ ಲಂಡನ್ನಿನಲ್ಲಿ ಭಿನ್ನ ಉಪಭಾಷಿಕರು ಒತ್ತಟ್ಟಿಗೆ ಬಂದದ್ದು ಒಂದು ಕಾರಣವೆಂದೂ, ಮೇಲುವರ್ಗದ ನುಡಿಯನ್ನು ಅನುಕರಿಸುವ ಬಯಕೆಯು ಇನ್ನೊಂದೆಂದೂ ವಾದಗಳಿವೆ. ಪಲ್ಲಟವು ಎಲ್ಲ ಪದಗಳಲ್ಲಿಯೂ ಒಂದೇ ಸಮನೆ ನಡೆಯಲಿಲ್ಲವೆಂಬುದು ಮಾತ್ರ ಸ್ಪಷ್ಟ. ಇ-ಎ ಜೋಡಿಯಿರುವ ಪದಗಳಲ್ಲಿ ಹೆಚ್ಚಿನವು ಈಕಾರಕ್ಕೆ ಸೇರಿದರೂ ಗ್ರೇಟ್, ಬ್ರೇಕ್, ಸ್ಟೇಕ್ ಎಂಬ ಮೂರು ಪದಗಳು ಏಕಾರದಲ್ಲಿಯೇ ಉಳಿದವು. ಬ್ರೆಡ್, ಹೆಡ್, ಡೆಡ್ ಪದಗಳಲ್ಲಿ ಸ್ವರವು ಹ್ರಸ್ವವಾಯಿತು. ಎರಡು ಓ ಅಕ್ಷರಗಳಿರುವ ಪದಗಳಲ್ಲಿ ಮೂನ್ ದೀರ್ಘವಾಗಿಯೇ ಉಳಿದಿದೆ; ಬ್ಲಡ್ ಪದದ ಸ್ವರವು ಬಹಳ ಮುಂಚೆ ಹ್ರಸ್ವವಾದ್ದರಿಂದ ಅಕಾರಕ್ಕೆ ತಿರುಗಿತು, ಗುಡ್ ಪದದ ಸ್ವರವು ತಡವಾಗಿ ಹ್ರಸ್ವವಾದ್ದರಿಂದ ಉಕಾರದಲ್ಲಿ ನಿಂತಿತು.

ಮೌನಾಕ್ಷರಗಳು

ಇದೇ ಶತಮಾನಗಳಲ್ಲಿ ಹಲವು ವ್ಯಂಜನಗಳು ಮಾತಿನಿಂದ ಮರೆಯಾದವು. ನಕಾರದ ಹಿಂದಿನ ಕಕಾರವು 17ನೆಯ ಶತಮಾನದಲ್ಲಿ ಬಿದ್ದುಹೋಗತೊಡಗಿತು. ರಕಾರದ ಹಿಂದಿನ ವಕಾರವೂ, ಕ್ಯಾಸಲ್ ಮತ್ತು ಲಿಸನ್ ಪದಗಳ ನಡುವಿನ ಟಕಾರವೂ, ವಾಕ್ ಮತ್ತು ಹಾಫ್ ಪದಗಳ ಲಕಾರವೂ ಅದೇ ದಾರಿ ಹಿಡಿದವು. ಜಿ-ಎಚ್ ಜೋಡಿಯು ಸೂಚಿಸುತ್ತಿದ್ದ ಒರಟು ಹಕಾರವು 'ರಾತ್ರಿ' ಎಂಬ ಅರ್ಥದ ನೈಟ್ ಪದದಲ್ಲಿ ಪೂರ್ತಿ ಮಾಯವಾಯಿತು, 'ನಗು' ಎಂಬ ಅರ್ಥದ ಲಾಫ್ ಪದದಲ್ಲಿ ಫಕಾರವಾಗಿ ಬದಲಾಯಿತು. ಜರ್ಮನ್ ಭಾಷೆಯ ಸಮಾನಮೂಲದ ಪದಗಳಲ್ಲಿಯೂ ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿಯೂ ಆ ಧ್ವನಿಯು ಇಂದಿಗೂ ಜೀವಂತವಾಗಿದೆ.

ಎಲ್ಲ ಮೌನಾಕ್ಷರಗಳೂ ನಿರರ್ಥಕವಲ್ಲ. ಪದಾಂತ್ಯದ ಇ ಅಕ್ಷರವು ಒಂದು ಕಾಲಕ್ಕೆ ಪ್ರತ್ಯೇಕ ಸ್ವರವಾಗಿ ಕೇಳಿಸುತ್ತಿತ್ತು. ಅದು ಬಿದ್ದುಹೋದ ಮೇಲೆ ಹಿಂದಿನ ಸ್ವರವು ದೀರ್ಘವೆಂದು ತಿಳಿಸುವ ಗುರುತಾಗಿ ಹೊಸ ಕೆಲಸವನ್ನು ಪಡೆಯಿತು. ಹ್ಯಾಟ್ ಮತ್ತು ಹೇಟ್, ಪಿನ್ ಮತ್ತು ಪೈನ್ ಎಂಬ ಜೋಡಿಗಳಲ್ಲಿ ಬರಹದ ಭೇದವಿರುವುದು ಕೊನೆಯ ಇ ಅಕ್ಷರದಿಂದ ಮಾತ್ರ.

ವ್ಯುತ್ಪತ್ತಿಯನ್ನು ತೋರಿಸುವ ಹಂಬಲ

ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ವಿದ್ಯೆಗೆ ದೊರೆತ ಹೊಸ ಗೌರವವು ಕಾಗುಣಿತದ ಮೇಲೂ ಪರಿಣಾಮ ಬೀರಿತು. ಪದದ ಪ್ರಾಚೀನ ಮೂಲವು ಬರಹದಲ್ಲಿ ಕಾಣಬೇಕೆಂದು ಬಯಸಿದ ಪಂಡಿತರು, ಫ್ರೆಂಚಿನ ಮೂಲಕ ಸರಳರೂಪದಲ್ಲಿ ಬಂದಿದ್ದ ಪದಗಳಿಗೆ ಲ್ಯಾಟಿನ್ ಅಕ್ಷರಗಳನ್ನು ಮರಳಿ ಸೇರಿಸಿದರು. 'ಸಾಲ' ಎಂಬ ಅರ್ಥದ ಡೆಟ್ ಪದಕ್ಕೆ ಲ್ಯಾಟಿನ್ನಿನ ದೇಬಿತುಮ್ ರೂಪದಿಂದ ಬಿ ಅಕ್ಷರವೂ, 'ಸಂದೇಹ' ಎಂಬ ಅರ್ಥದ ಡೌಟ್ ಪದಕ್ಕೆ ದುಬಿತಾರೆ ರೂಪದಿಂದ ಇನ್ನೊಂದು ಬಿ ಅಕ್ಷರವೂ, ರಿಸೀಟ್ ಪದಕ್ಕೆ ಪಿ ಅಕ್ಷರವೂ ಸೇರಿದ್ದು ಹೀಗೆ. ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಹಾಲೊಫರ್ನೀಸ್ ಎಂಬ ಉಪಾಧ್ಯಾಯನು ಡೆಟ್ ಮತ್ತು ಡೌಟ್ ಪದಗಳ ಬಿ ಅಕ್ಷರವನ್ನು ಉಚ್ಚರಿಸಲೇಬೇಕೆಂದು ಹಟ ಹಿಡಿಯುವುದು ಆ ಕಾಲದ ಚರ್ಚೆಗೆ ಸಾಕ್ಷಿಯಾಗಿದೆ.

ಕೆಲವು ತಿದ್ದುಪಡಿಗಳು ತಪ್ಪು ಊಹೆಯಿಂದಲೇ ಹುಟ್ಟಿದವು. 'ದ್ವೀಪ' ಎಂಬ ಅರ್ಥದ ಐಲೆಂಡ್ ಅಚ್ಚ ಇಂಗ್ಲಿಷ್ ಪದ. ಅದೇ ಅರ್ಥದ, ಲ್ಯಾಟಿನ್ ಮೂಲದ ಐಲ್ ಪದಕ್ಕೆ ಅದು ಸಂಬಂಧಿಯೆಂದು ಭಾವಿಸಿ ನಡುವೆ ಎಸ್ ಅಕ್ಷರವನ್ನು ಸೇರಿಸಲಾಯಿತು. ಕುಡ್ ಪದದ ಎಲ್ ಅಕ್ಷರವೂ ವುಡ್, ಶುಡ್ ಪದಗಳ ಸಾದೃಶ್ಯದಿಂದ ಬಂದುದು, ಅದು ಎಂದೂ ಉಚ್ಚಾರಣೆಯಲ್ಲಿ ಇರಲಿಲ್ಲ. ಮತ್ತೆ ಕೆಲವು ಪದಗಳಲ್ಲಿ ಬರಹವೇ ಮಾತನ್ನು ತಿದ್ದಿತು: ಲಕಾರವಿಲ್ಲದೆ ಬಂದಿದ್ದ ಫಾಲ್ಟ್ ಪದವೂ, ಕಕಾರವಿಲ್ಲದೆ ಬಂದಿದ್ದ ಪರ್ಫೆಕ್ಟ್ ಪದವೂ ಬರಹದಲ್ಲಿ ಸೇರಿದ ಅಕ್ಷರಗಳನ್ನು ಕ್ರಮೇಣ ನುಡಿಯಲ್ಲಿಯೂ ಪಡೆದವು. ಇಂಥದಕ್ಕೆ ಬರಹಾನುಸಾರಿ ಉಚ್ಚಾರಣೆ ಎನ್ನಬಹುದು. ಇಂಗ್ಲಿಷನ್ನು ಪುಸ್ತಕದಿಂದ ಕಲಿಯುವ ನಾಡುಗಳಲ್ಲಿ ಈ ಪ್ರವೃತ್ತಿ ಪ್ರಬಲವಾಗಿದೆ. ಇಂಗ್ಲೆಂಡಿನಲ್ಲಿ ಪ್ಲಮರ್ ಎಂದು ನುಡಿಯುವ ಪದವು ಕನ್ನಡದಲ್ಲಿ ಪ್ಲಂಬರ್ ಎಂದು ನೆಲೆಯೂರಿರುವುದು ಇದಕ್ಕೆ ನಿದರ್ಶನ.

ಎರವಲು ಪದಗಳು ಮತ್ತು ಪದಾಘಾತ

ಇಂಗ್ಲಿಷ್ ಭಾಷೆಯು ಎರವಲು ತಂದ ಪದಗಳನ್ನು ಸಾಮಾನ್ಯವಾಗಿ ಅವುಗಳ ಮೂಲಭಾಷೆಯ ಕಾಗುಣಿತದೊಡನೆಯೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಸಿ-ಎಚ್ ಜೋಡಿಯು ದೇಶೀಯ ಪದವಾದ ಚೈಲ್ಡ್‌ನಲ್ಲಿ ಚಕಾರವಾಗಿಯೂ, ಫ್ರೆಂಚಿನಿಂದ ಬಂದ ಷೆಫ್‌ನಲ್ಲಿ ಷಕಾರವಾಗಿಯೂ, ಗ್ರೀಕ್ ಮೂಲದ ಕೋರಸ್‌ನಲ್ಲಿ ಕಕಾರವಾಗಿಯೂ ಓದಲ್ಪಡುತ್ತದೆ. ಸೇನಾಧಿಕಾರಿಯನ್ನು ಸೂಚಿಸುವ ಕರ್ನಲ್ ಪದವು ಲಕಾರವಿದ್ದ ಇಟಾಲಿಯನ್ ರೂಪ ಮತ್ತು ರಕಾರವಿದ್ದ ಫ್ರೆಂಚ್ ರೂಪ ಎರಡನ್ನೂ ಕಂಡು, ಕೊನೆಗೆ ಬರಹದಲ್ಲಿ ಮೊದಲನೆಯದನ್ನೂ ಉಚ್ಚಾರಣೆಯಲ್ಲಿ ಎರಡನೆಯದನ್ನೂ ಉಳಿಸಿಕೊಂಡಿತು.

ಪದಾಘಾತವೂ, ಎಂದರೆ ಪದದ ಒಂದು ಉಚ್ಚಾರಾಂಶದ ಮೇಲೆ ಬೀಳುವ ಒತ್ತೂ, ಈ ಅಂತರವನ್ನು ಹಿಗ್ಗಿಸುತ್ತದೆ. ಒತ್ತು ಬೀಳದ ಕಡೆಗಳಲ್ಲಿ ಇಂಗ್ಲಿಷಿನ ಸ್ವರಗಳು ಬಹುಮಟ್ಟಿಗೆ ಷ್ವಾ ಎಂಬ ಅಸ್ಪಷ್ಟ ಅಕಾರವಾಗಿ ಕುಗ್ಗುತ್ತವೆ, ಆ ಅಕಾರವನ್ನು ಐದು ಸ್ವರಾಕ್ಷರಗಳಲ್ಲಿ ಯಾವುದರಿಂದ ಬೇಕಾದರೂ ಬರೆದಿರಬಹುದು. ಫೋಟೊಗ್ರಾಫ್ ಎಂಬುದಕ್ಕೆ ಒಂದು ಪ್ರತ್ಯಯ ಸೇರಿದಾಗ ಒತ್ತು ಎರಡನೆಯ ಉಚ್ಚಾರಾಂಶಕ್ಕೆ ಸರಿದು, ಉಚ್ಚಾರಣೆಯು ಫಟಾಗ್ರಫಿ ಎಂದಾಗುತ್ತದೆ; ಬರಹವು ಮಾತ್ರ ಕದಲುವುದಿಲ್ಲ.

ನಿಘಂಟುಗಳು ಮತ್ತು ಸುಧಾರಣೆಯ ಯತ್ನಗಳು

ಫ್ರಾನ್ಸಿನಲ್ಲಿ 1635ರಲ್ಲಿ ಸ್ಥಾಪಿತವಾದ ಅಕಾಡೆಮಿಯಂಥ ಸಂಸ್ಥೆ ಇಂಗ್ಲಿಷಿಗೂ ಬೇಕೆಂದು ಜೊನಾಥನ್ ಸ್ವಿಫ್ಟ್ 1712ರಲ್ಲಿ ಸೂಚಿಸಿದ್ದರೂ ಅದು ಕಾರ್ಯಗತವಾಗಲಿಲ್ಲ. ಆ ಸ್ಥಾನವನ್ನು ನಿಘಂಟುಗಳು ತುಂಬಿದವು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಆಗ ಬಳಕೆಯಲ್ಲಿದ್ದ ಕಾಗುಣಿತಕ್ಕೆ ಪ್ರಾಮಾಣ್ಯದ ಮುದ್ರೆಯೊತ್ತಿತು. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ನಿಘಂಟುಗಳಲ್ಲಿ, ಮುಖ್ಯವಾಗಿ 1828ರದ್ದರಲ್ಲಿ, ಕಲರ್ ಪದದ ಯು ಅಕ್ಷರವನ್ನು ಬಿಡುವಂಥ ಕೆಲವು ಸರಳ ರೂಪಗಳನ್ನು ನೆಲೆಗೊಳಿಸಿದನು; ಅದಕ್ಕಿಂತ ದೂರಗಾಮಿಯಾದ ಅವನ ಸಲಹೆಗಳನ್ನು ಜನ ಒಪ್ಪಲಿಲ್ಲ.

ಸುಧಾರಣೆಯ ಬೇಡಿಕೆಯು ಹದಿನಾರನೆಯ ಶತಮಾನದಿಂದಲೇ ಇದೆ. ಜಾನ್ ಹಾರ್ಟ್ 1569ರಲ್ಲಿ ಧ್ವನಿಗೆ ತಕ್ಕ ಬರಹವನ್ನು ಪ್ರತಿಪಾದಿಸಿ ಗ್ರಂಥ ಬರೆದನು. ಬೆಂಜಮಿನ್ ಫ್ರ್ಯಾಂಕ್ಲಿನ್ 1768ರಲ್ಲಿ ಹೊಸ ಅಕ್ಷರಮಾಲೆಯನ್ನೇ ರಚಿಸಿದನು. ಶೀಘ್ರಲಿಪಿಯ ಐಸಾಕ್ ಪಿಟ್‌ಮನ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಉದ್ದೇಶಕ್ಕೆ ದುಡಿದನು. 1906ರಲ್ಲಿ ಆ್ಯಂಡ್ರೂ ಕಾರ್ನೆಗಿಯ ಧನಸಹಾಯದಿಂದ ಅಮೆರಿಕದಲ್ಲಿ ಸರಳ ಕಾಗುಣಿತ ಮಂಡಳಿ ಸ್ಥಾಪನೆಯಾಯಿತು. ಅದು ಸೂಚಿಸಿದ 300 ಸರಳರೂಪಗಳನ್ನು ಸರ್ಕಾರಿ ಮುದ್ರಣದಲ್ಲಿ ಬಳಸಬೇಕೆಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆದೇಶಿಸಿದರೂ, ಶಾಸನಸಭೆಯ ವಿರೋಧದಿಂದ ಅದೇ ವರ್ಷ ಹಿಂದೆಗೆಯಬೇಕಾಯಿತು. ಜಾರ್ಜ್ ಬರ್ನಾರ್ಡ್ ಷಾ ತನ್ನ ಮರಣಶಾಸನದಲ್ಲಿ ಹೊಸ ಲಿಪಿಗಾಗಿ ಹಣವಿಟ್ಟಿದ್ದನು. ಅದರ ಫಲವಾಗಿ 1962ರಲ್ಲಿ ಅವನ 'ಆ್ಯಂಡ್ರೊಕ್ಲಿಸ್ ಅಂಡ್ ದಿ ಲಯನ್' ನಾಟಕವು ಷೇವಿಯನ್ ಲಿಪಿಯಲ್ಲಿ ಅಚ್ಚಾಯಿತೇ ಹೊರತು, ಆ ಲಿಪಿ ಬಳಕೆಗೆ ಬರಲಿಲ್ಲ.

ಈ ಯತ್ನಗಳು ವಿಫಲವಾದದ್ದಕ್ಕೆ ಗಟ್ಟಿಯಾದ ಕಾರಣಗಳಿವೆ. ಧ್ವನಿಗೆ ತಕ್ಕಂತೆ ಬರೆಯಬೇಕೆಂದರೆ ಯಾರ ಧ್ವನಿಗೆ ಎಂಬ ಪ್ರಶ್ನೆ ಮೊದಲು ಏಳುತ್ತದೆ: 'ಕಾರು' ಎಂಬ ಪದದ ಕೊನೆಯ ರಕಾರವನ್ನು ಲಂಡನ್ನಿನವರು ನುಡಿಯುವುದಿಲ್ಲ, ಸ್ಕಾಟ್ಲೆಂಡಿನವರೂ ಬಹುತೇಕ ಅಮೆರಿಕನ್ನರೂ ಭಾರತೀಯರೂ ನುಡಿಯುತ್ತಾರೆ. ಒಂದು ನಾಡಿನ ಉಚ್ಚಾರಣೆಯನ್ನು ಆಧಾರವಾಗಿಟ್ಟುಕೊಂಡರೆ ಉಳಿದ ನಾಡುಗಳವರಿಗೆ ಹೊಸ ಕಾಗುಣಿತವೂ ಪರಕೀಯವೇ ಆಗುತ್ತದೆ. ಹಲವು ಶತಮಾನಗಳ ಮುದ್ರಿತ ಸಾಹಿತ್ಯವು ಹೊಸ ಪೀಳಿಗೆಗೆ ಓದಲು ಕಷ್ಟವಾಗುವ ಭಯವೂ, ನಿರ್ಣಯವನ್ನು ಜಾರಿಗೊಳಿಸಬಲ್ಲ ಏಕೈಕ ಅಧಿಕಾರದ ಅಭಾವವೂ ಇದರೊಡನೆ ಸೇರಿವೆ.

ಬರಹದೊಳಗಿನ ಕ್ರಮ

ಇಂಗ್ಲಿಷ್ ಕಾಗುಣಿತವು ಕೇವಲ ಅರಾಜಕವೆಂಬ ಅಭಿಪ್ರಾಯವು ಸರಿಯಲ್ಲ. ಜಿ-ಎಚ್-ಓ-ಟಿ-ಐ ಎಂದು ಬರೆದು, ಲಾಫ್ ಪದದ ಫಕಾರ, ವಿಮೆನ್ ಪದದ ಇಕಾರ ಮತ್ತು ನೇಷನ್ ಪದದ ಷಕಾರವನ್ನು ಕೂಡಿಸಿ ಫಿಷ್ ಎಂದು ಓದಬಹುದೆಂಬ ಪ್ರಸಿದ್ಧ ಉದಾಹರಣೆಯು ಷಾನದೆಂದು ಹೇಳಲಾಗುತ್ತದೆಯಾದರೂ, ಅದು 1855ರ ಒಂದು ಪತ್ರದಲ್ಲಿಯೇ ದೊರೆಯುತ್ತದೆ. ವಾಸ್ತವದಲ್ಲಿ ಯಾವ ಇಂಗ್ಲಿಷ್ ಓದುಗನೂ ಅದನ್ನು ಹಾಗೆ ಓದಲಾರನು, ಏಕೆಂದರೆ ಜಿ-ಎಚ್ ಪದದ ಆರಂಭದಲ್ಲಿ ಎಂದೂ ಫಕಾರವಾಗುವುದಿಲ್ಲ, ಟಿ-ಐ ಪದದ ಕೊನೆಯಲ್ಲಿ ಎಂದೂ ಷಕಾರವಾಗುವುದಿಲ್ಲ. ಅಕ್ಷರವು ಪದದಲ್ಲಿ ಎಲ್ಲಿದೆ ಮತ್ತು ಅದರ ನೆರೆಯಲ್ಲಿ ಏನಿದೆ ಎಂಬುದರ ಮೇಲೆ ಉಚ್ಚಾರಣೆ ನಿಂತಿದೆ.

ಇನ್ನೂ ಮಹತ್ವದ ಸಂಗತಿಯೆಂದರೆ, ಇಂಗ್ಲಿಷ್ ಬರಹವು ಧ್ವನಿಯ ಜೊತೆಗೆ ಆಕೃತಿಮಾವನ್ನೂ, ಎಂದರೆ ಅರ್ಥವುಳ್ಳ ಅತಿ ಚಿಕ್ಕ ಪದಭಾಗವನ್ನೂ ಕಾಪಾಡುತ್ತದೆ. ಸೈನ್ ಪದದಲ್ಲಿ ಮೌನವಾಗಿರುವ ಜಿ ಅಕ್ಷರವು ಸಿಗ್ನೇಚರ್ ಪದದಲ್ಲಿ ಧ್ವನಿ ಪಡೆದು ಎರಡರ ಸಂಬಂಧವನ್ನು ತೋರಿಸುತ್ತದೆ. ಭೂತಕಾಲದ ಇ-ಡಿ ಪ್ರತ್ಯಯವು ಟಕಾರ, ಡಕಾರ ಅಥವಾ ಇಡ್ ಎಂದು ಮೂರು ಬಗೆಯಾಗಿ ಕೇಳಿಸಿದರೂ ಬರಹದಲ್ಲಿ ಒಂದೇ ಆಗಿದೆ. ರೈಟ್ ಎಂದು ಒಂದೇ ರೀತಿ ಕೇಳಿಸುವ 'ಸರಿ', 'ಬರೆ', 'ವಿಧಿಕ್ರಿಯೆ' ಎಂಬ ಅರ್ಥಗಳ ಪದಗಳು ಬರಹದಲ್ಲಿ ಬೇರೆಬೇರೆಯಾಗಿ ಕಣ್ಣಿಗೆ ಗೊತ್ತಾಗುತ್ತವೆ. ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ 1968ರಲ್ಲಿ ಈ ಆಧಾರದ ಮೇಲೆಯೇ ಇಂಗ್ಲಿಷ್ ಕಾಗುಣಿತವನ್ನು ಸಮರ್ಥಿಸಿದರು.

ಕನ್ನಡ ಬರಹದೊಡನೆ ಹೋಲಿಕೆ

ಧ್ವನಿಪರಿವರ್ತನೆಯು ಎಲ್ಲ ಭಾಷೆಗಳಲ್ಲಿಯೂ ನಡೆಯುತ್ತದೆ; ಬರಹವು ಅದನ್ನು ಹಿಂಬಾಲಿಸುತ್ತದೆಯೇ ಎಂಬುದರಲ್ಲಿ ಭಾಷೆಗಳು ಬೇರೆಯಾಗುತ್ತವೆ. ಹಳಗನ್ನಡದ ಪಾಲು, ಪೂ, ಪುಲಿ ಎಂಬ ಪದಗಳ ಪಕಾರವು ಹಕಾರವಾದಾಗ ಕನ್ನಡ ಬರಹವೂ ಬದಲಾಗಿ ಹಾಲು, ಹೂ, ಹುಲಿ ಎಂಬ ರೂಪಗಳು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕಾಣಿಸಿಕೊಂಡವು. ೞಕಾರ ಮತ್ತು ಱಕಾರದ ಧ್ವನಿಗಳು ಳಕಾರ ಮತ್ತು ರಕಾರಗಳಲ್ಲಿ ಬೆರೆತ ಬಳಿಕ ಆ ಅಕ್ಷರಗಳೂ ಬಳಕೆಯಿಂದ ಹೋದವು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ್ದು ಆ ಗೊಂದಲದ ಕಾಲವನ್ನು ಸೂಚಿಸುತ್ತದೆ. ಋಕಾರವನ್ನು ರು ಎಂದು ನುಡಿಯುವುದು, ಶಕಾರ–ಷಕಾರಗಳ ಭೇದವು ಮಾತಿನಲ್ಲಿ ಮಸುಕಾಗಿರುವುದು ಇವು ಕನ್ನಡದಲ್ಲಿಯೂ ಬರಹ ಮತ್ತು ನುಡಿಗಳು ಪೂರ್ತಿ ಒಂದಲ್ಲವೆಂಬುದನ್ನು ತೋರಿಸುತ್ತವೆಯಾದರೂ, ಕನ್ನಡದ ಅಂತರವು ಇಂಗ್ಲಿಷಿನದಕ್ಕೆ ಹೋಲಿಸಿದರೆ ಬಹಳ ಕಿರಿದು.

ಕಲಿಕೆಯ ಮೇಲಿನ ಪರಿಣಾಮ

ಈ ಅಂತರದ ಹೊರೆಯನ್ನು ಮುಖ್ಯವಾಗಿ ಹೊರುವವರು ಮಕ್ಕಳು. ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ, ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಕುರಿತ ಅಧ್ಯಯನವು, ಓದಿನ ತಳಹದಿಯನ್ನು ಕಲಿಯಲು ಇಂಗ್ಲಿಷ್ ಮಕ್ಕಳಿಗೆ ಸರಳ ಕಾಗುಣಿತದ ಭಾಷೆಗಳ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಬೇಕಾಗುತ್ತದೆಂದು ತೋರಿಸಿತು. ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಕಲಿತರೆ ಯಾವ ಪದವನ್ನಾದರೂ ಓದಬಹುದಾದ ಕನ್ನಡದಿಂದ ಇಂಗ್ಲಿಷಿಗೆ ಬರುವ ವಿದ್ಯಾರ್ಥಿಗೆ ಈ ತೊಡಕು ಇನ್ನೂ ತೀವ್ರವಾಗಿ ತಟ್ಟುತ್ತದೆ. ಅವನು ಮಾಡುವ ಹೆಚ್ಚಿನ ತಪ್ಪುಗಳು ಅಜ್ಞಾನದಿಂದಲ್ಲ, ಅಕ್ಷರವನ್ನು ನಂಬಿ ಓದುವ ಉತ್ತಮ ಅಭ್ಯಾಸದಿಂದ ಹುಟ್ಟುತ್ತವೆ. ಆದ್ದರಿಂದ ಪ್ರತಿಯೊಂದು ಪದವನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡಿಸುವ ಬದಲು, ಒಂದೇ ಧಾತುವಿನ ಪದಗಳನ್ನು ಒಟ್ಟಿಗೆ ಕಲಿಸುವುದು, ದೇಶೀಯ, ಫ್ರೆಂಚ್ ಮತ್ತು ಗ್ರೀಕ್ ಮೂಲದ ಪದಗಳ ಬರಹದ ರೂಢಿಗಳನ್ನು ಬಿಡಿಸಿ ತೋರಿಸುವುದು, ಮೌನಾಕ್ಷರಗಳಿಗೆ ಹಿಂದೆ ಇದ್ದ ಧ್ವನಿಯನ್ನು ತಿಳಿಸುವುದು ಬೋಧನೆಯಲ್ಲಿ ಹೆಚ್ಚು ಫಲಕಾರಿಯಾಗಬಲ್ಲವು. ಇಂಗ್ಲಿಷ್ ಕಾಗುಣಿತದ ಬಹುಪಾಲು ಅಸಂಗತಿಗಳಿಗೆ ಒಂದು ಕಾಲ, ಒಂದು ಸ್ಥಳ ಮತ್ತು ಒಂದು ಕಾರಣ ಇದೆಯೆಂಬ ಅರಿವು ಕಲಿಯುವವನಿಗೆ ನೆನಪಿನ ಆಧಾರವನ್ನು ಒದಗಿಸುತ್ತದೆ, ತಪ್ಪಿದಾಗ ಅವನನ್ನು ದಡ್ಡನೆಂದು ಜರೆಯುವುದು ಅನ್ಯಾಯವೆಂಬುದನ್ನು ಕಲಿಸುವವನಿಗೂ ಮನಗಾಣಿಸುತ್ತದೆ.